ವೈನಿ ನಕ್ಕಾಗ

ಮೊದಲ ಸಲ ವೈನಿ ಹಾಗೆ ನಕ್ಕಾಗ ನನಗೆ ಹೆದರಿಕೆಯಾಗಲಿಲ್ಲ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅವಳು ಒಳಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಕೂತು ಜರ್ಮನ್ ಕ್ರಿಯಾಪದಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಆ ಭಾಷೆಯಲ್ಲಿ ಗಂಟಲಿನ ಕಫ ಕಿತ್ತಂತೆ ಹೊರಡಿಸಬೇಕಾದ ಒಂದು 'ಖ' ಇದೆ. ಒಳಗಿನಿಂದ ನಗು ಕೇಳಿದಾಗ ಅದನ್ನು ಕೇಳಿಯೇ ನಗುತ್ತಿದ್ದಾಳೆ ಅಂದುಕೊಂಡೆ. ನಾನೂ ನಕ್ಕು, ಬೇಕೆಂತಲೇ ಇನ್ನಷ್ಟು ಖಕರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ವೈನಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಯಾಕೆ ನಗುತ್ತಿದ್ದೀರಿ ಅಂತ ನನ್ನನ್ನೇ ಕೇಳಿದಳು. ತಾನೇ ನಕ್ಕು ನನ್ನನ್ನು ಕೇಳುತ್ತಾಳಲ್ಲ, ಭಾರಿ ತುಂಟಿ ಅಂದುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾವು ಕನ್ನಡದವರಾದರೂ ಮರಾಠಿ ಸೀಮೆಯ ಶಹರವೊಂದರ ಬಿಬವೇವಾಡಿ ಬಡಾವಣೆಯಲ್ಲಿ ಒಂದು ಹಳೆಯ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ಅಣ್ಣನಿಗೆ ದೌಂಡದಲ್ಲಿ ರೈಲ್ವೆ ಕೆಲಸ. ಕ್ವಾರ್ಟರ್ಸು ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ರಜೆಯ ದಿನ ಮಾತ್ರ ಮನೆಗೆ ಬರುತ್ತಿದ್ದ. ಹಾಗಾಗಿ ಮದುವೆಯಾಗಿ ಬಂದ ವೈನಿ ಹೆಚ್ಚು ಹೊತ್ತು ಇದ್ದದ್ದು ಗಂಡನ ಜೊತೆ ಅಲ್ಲ, ನಾದಿನಿಯಾದ ನನ್ನ ಮತ್ತು ಅವ್ವನ ಜೊತೆ. ಅವಳು ಯಾದಗಿರಿ ಕಡೆಯವಳು, ವಯಸ್ಸಿನಲ್ಲಿ ನನ್ನ ಓರಗೆಯವಳೇ. ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ತರಕಾರಿಯವನ ಹತ್ತಿರ ಬೆರಳು ಮಾಡಿ ತೋರಿಸಿ, ಅವನು ಏನಂದರೂ ತಲೆಯಾಡಿಸಿ ಬರುತ್ತಿದ್ದಳು.

ಹೆದರಿಕೆ ಶುರುವಾದದ್ದು ನಾನು ಅವಳ ಮುಖ ನೋಡಿದ ದಿನ. ಮಧ್ಯಾಹ್ನ ಇಬ್ಬರೂ ಗಚ್ಚಿಯ ಮೇಲೆ ಶಂಡಿಗೆ ಒಣಗಿಸಲು ಹಾಕುತ್ತಿದ್ದೆವು. ಮಾತು ನಡುವಿನಲ್ಲೇ ನಿಂತು ವೈನಿ ನಗತೊಡಗಿದಳು. ತಲೆಯೆತ್ತಿ ನೋಡಿದೆ. ಬಾಯಿ ಅಗಲವಾಗಿ ತೆರೆದಿತ್ತು, ಗಂಟಲಿನಿಂದ ಖಿ ಖಿ ಖಿ ಎಂದು ಒಂದೇ ಅಳತೆಯ ಸಪ್ಪಳ ಬರುತ್ತಿತ್ತು. ಕಣ್ಣು ಮಾತ್ರ ನೀರಿನ ಟಾಂಕಿಯ ಕಡೆ ನೆಟ್ಟಿದ್ದವು, ಆ ಕಣ್ಣುಗಳಲ್ಲಿ ಯಾರೂ ಇರಲಿಲ್ಲ. ಒಂದು ತಂಬಿಗೆ ನೀರು ಬಗ್ಗಿಸಿಕೊಳ್ಳುವಷ್ಟು ಹೊತ್ತಿನಲ್ಲಿ ಅದು ನಿಂತಿತು. ಮುಖ ಕೆಂಪಾಗಿ, ಅವಳು ಸುತ್ತ ನೋಡಿ, ಮತ್ತೆ ಕೆಳಗೆ ಕೂತು ಶಂಡಿಗೆ ಹಾಕತೊಡಗಿದಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಯಾರು ಕೊಡುತ್ತಾರೋ ಎಂಬ ಭಯವಾಯಿತು.

ಆಮೇಲೆ ನನ್ನ ಕಿವಿ ಅದಕ್ಕೇ ಕಾಯತೊಡಗಿತು. ಬಚ್ಚಲಿನಿಂದ, ಅಡುಗೆಮನೆಯಿಂದ, ಒಮ್ಮೊಮ್ಮೆ ದೇವರ ಮುಂದೆ ದೀಪ ಹಚ್ಚುವಾಗ. ಕೆಲವು ಸಲ ನಗುವಿನ ಸಪ್ಪಳ ಹಾಗೇ ತಿರುಗಿ ಅಳುವಾಗುತ್ತಿತ್ತು. ಅವ್ವನಿಗೂ ಗೊತ್ತಾಗಿತ್ತು. ಮೊದಮೊದಲು, ಅತ್ತೆ ಮಾತಾಡುವಾಗ ಕಿಸಿಯುವ ಸೊಸೆ ಅಂತ ಸಿಟ್ಟು ಮಾಡಿದಳು. ಬರಬರುತ್ತ ಸಿಟ್ಟು ಹೋಗಿ, ವೈನಿ ನಕ್ಕಾಗ ಅವ್ವ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ಹೊರಗಿನ ಬಾಗಿಲ ಹತ್ತಿರ ಹೋಗಿ ನಿಲ್ಲುವಂತಾಯಿತು.

ಕೆಳಗಿನ ಮನೆಯ ಮರಾಠಿ ಅಜ್ಜ ತೀರಿಕೊಂಡದ್ದು ಆ ದಿನಗಳಲ್ಲೇ. ಒಳ್ಳೆಯ ಮನುಷ್ಯ, ಇಡೀ ಕಟ್ಟಡಕ್ಕೆ ಬೇಕಾದವರು. ಬೆಳಿಗ್ಗೆ ಎಲ್ಲ ಮನೆಗಳ ಹೆಂಗಸರೂ ಹೋದರು, ನಾವೂ ಹೋದೆವು. ಹೆಣವನ್ನು ನಡುಮನೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಅವರ ಹೆಂಡತಿ ಆಜಿ ಕೂತಿದ್ದರು. ವೈನಿ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಮ್ಮೆಲೆ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಮರುಕ್ಷಣವೇ ಸಡಿಲವಾಯಿತು. ನನಗೆ ಏನು ಬರುತ್ತಿದೆ ಅಂತ ಗೊತ್ತಾಗಿಹೋಯಿತು. ಅವಳ ಬಾಯಿಯ ಮೇಲೆ ಕೈ ಇಡಬೇಕೆಂದುಕೊಂಡೆ, ಕೈ ಏಳಲಿಲ್ಲ.

ಅಷ್ಟು ಜನರ ನಡುವೆ, ಹೆಣದ ಮುಂದೆ, ವೈನಿ ನಕ್ಕಳು. ಅಳು ಒಂದೊಂದಾಗಿ ನಿಂತು ಕೊನೆಗೆ ಇಡೀ ಮನೆಯಲ್ಲಿ ಅವಳ ನಗುವೊಂದೇ ಉಳಿಯಿತು. ಆಜಿ ತಲೆಯೆತ್ತಿ ನೋಡಿದರು. ಅವ್ವ ಎದ್ದು ಬಂದು ವೈನಿಯ ತೋಳು ಹಿಡಿದು ಎಳೆದುಕೊಂಡೇ ಮೆಟ್ಟಿಲು ಹತ್ತಿಸಿದಳು. ಹಿಂದಿನಿಂದ ನಾನು ಹತ್ತುತ್ತಿದ್ದೆ. ನಡುದಾರಿಯಲ್ಲಿ ವೈನಿಗೆ ಎಚ್ಚರ ಬಂತು. ತಾನೇಕೆ ಮೆಟ್ಟಿಲ ಮೇಲೆ ಇದ್ದೇನೆ ಅಂತ ಅವಳಿಗೆ ತಿಳಿಯಲಿಲ್ಲ. ಅವ್ವನ ಮುಖ ನೋಡಿದ ಮೇಲೆ ತಿಳಿಯಿತು.

ಮನೆಯೊಳಗೆ ಬಂದು ಅವ್ವ ಬಾಗಿಲು ಹಾಕಿದಳು. "ಇದು ನಗಿ ಅಲ್ಲ," ಅಂದಳು. "ಈಕಿ ಮೈಯಾಗ ಏನೋ ಹೊಕ್ಕೊಂಡದ."

ಆ ವಾರ ಅಣ್ಣ ಬಂದಾಗ ಅವ್ವ ಎಲ್ಲ ಹೇಳಿದಳು. ಅಣ್ಣ ಬೂಟು ಸಹ ಬಿಚ್ಚದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಕೇಳಿದ. ಅವಳ ಮನೆಯವರು ಮೊದಲೇ ಹೇಳಬೇಕಿತ್ತು ಅಂತ ಒಂದೇ ಮಾತು ಆಡಿದ. ಹೆಣ್ಣು ನೋಡಲು ಹೋದಾಗಲೂ ಅವಳು ನಕ್ಕಿದ್ದಳಂತೆ. ಹುಡುಗಿ ನಗುಮುಖದವಳು ಅಂತ ಎಲ್ಲರೂ ಮೆಚ್ಚಿ ಒಪ್ಪಿಕೊಂಡು ಬಂದಿದ್ದರಂತೆ. ಅಡುಗೆಮನೆಯ ಪರದೆಯ ಹಿಂದೆ ವೈನಿ ನಿಂತಿದ್ದಳು. ಪರದೆಯ ಕೆಳಗೆ ಅವಳ ಕಾಲುಂಗುರ ಕಾಣುತ್ತಿದ್ದವು. ಅವ್ವನ ಮಾತು ಎರಡೇ: ಊರ ಕಡೆ ಗಾಳಿ ಬಿಡಿಸುವವರೊಬ್ಬರು ಇದ್ದಾರೆ, ಅಮಾವಾಸ್ಯೆಗೆ ಅಲ್ಲಿಗೆ ಕರೆದೊಯ್ಯಬೇಕು. ಅದರಿಂದ ಹೋಗದಿದ್ದರೆ ತವರಿಗೆ ಬಿಟ್ಟು ಬರಬೇಕು. ಆ ಗಾಳಿ ಬಿಡಿಸುವವರ ಬಗ್ಗೆ ನಾನು ಸಣ್ಣವಳಿದ್ದಾಗ ಕೇಳಿದ್ದೆ. ಅವರು ಕೂದಲು ಹಿಡಿದು ಹೊಡೆಯುತ್ತಿದ್ದರು.

ಈಗ ನನಗೆ ಎರಡು ಭಯ. ಅಪ್ಪ ಅಂಗಡಿಗೆ, ಅವ್ವ ಸಂತೆಗೆ ಹೋದಾಗ ವೈನಿಯ ಜೊತೆ ಒಬ್ಬಳೇ ಇರಲು ಭಯವಾಗುತ್ತಿತ್ತು, ಹೊರಬಾಗಿಲು ತೆರೆದಿಟ್ಟುಕೊಂಡೇ ಕೂರುತ್ತಿದ್ದೆ. ಅಮಾವಾಸ್ಯೆ ಹತ್ತಿರ ಬಂದ ಹಾಗೆ ಅವಳಿಗೇನಾಗುತ್ತದೋ ಎಂಬ ಭಯ ಅದಕ್ಕಿಂತ ದೊಡ್ಡದಾಯಿತು.

ಜರ್ಮನ್ ಕಲಿಯಲು ನಾನು ಬೆಳಿಗ್ಗೆ ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಆ ಭಾಷೆ ಬಂದರೆ ಕಾರ್ಖಾನೆಗಳಲ್ಲಿ ಅನುವಾದದ ಕೆಲಸ ಸಿಗುತ್ತದೆ ಅಂತ ಯಾರೋ ಅಪ್ಪನಿಗೆ ಹೇಳಿದ್ದರು. ನಮಗೆ ಕಲಿಸುತ್ತಿದ್ದವರು ನಿವೃತ್ತಿಯಾಗಿದ್ದ ಒಬ್ಬ ಮರಾಠಿ ಮೇಡಂ. ಸಣ್ಣ ದೇಹ, ದಪ್ಪ ಕನ್ನಡಕ, ನೂಲಿನ ಸೀರೆ. ವ್ಯಾಕರಣ ಹೇಳಿ ಹೇಳಿ ಬೇಸರ ಬಂದಾಗ ಅವರು ಒಂದು ಪದ ತೆಗೆದುಕೊಂಡು, ಅದರ ಅಕ್ಕತಂಗಿಯರು ಯಾವ ಯಾವ ಭಾಷೆಯಲ್ಲಿದ್ದಾರೆ ಅಂತ ತೋರಿಸುತ್ತಿದ್ದರು. ಉಳಿದವರಿಗೆ ಅದು ಪರೀಕ್ಷೆಗಿಲ್ಲದ ಪಾಠ. ನನಗೆ ಮಾತ್ರ ಅದೇ ಇಷ್ಟ. ಮನೆಯಲ್ಲಿ ಒಂದು ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬೆಳೆದವಳಿಗೆ ಪದಗಳ ನೆಂಟಸ್ತಿಕೆ ಬೇಗ ಅರ್ಥವಾಗುತ್ತದೆ.

ಆ ದಿನ ಅವರು ಹಲಗೆಯ ಮೇಲೆ ಬರೆದದ್ದು ಲಖೆನ್. ಜರ್ಮನಿನಲ್ಲಿ ನಗುವುದು. ಡಚ್ಚರಲ್ಲೂ ಹೆಚ್ಚುಕಡಿಮೆ ಅದೇ. ಇಂಗ್ಲಿಷಿನ ಲಾಫ್ ಅದರದ್ದೇ ತಂಗಿ. ಬರೆಯುವಾಗ ಈಗಲೂ ಕೊನೆಯಲ್ಲಿ ಇಟ್ಟುಕೊಂಡಿರುವ, ಈಗ 'ಫ' ಎಂದು ಓದುವ ಆ ಜಿ-ಎಚ್ ಅಕ್ಷರಗಳು ಹಿಂದೆ ಗಂಟಲಿನಿಂದಲೇ ಹೊರಡುತ್ತಿದ್ದವು. ಐಸ್‌ಲ್ಯಾಂಡಿನವರು ಪದದ ಮುಂದೆ ಒಂದು ಹಕಾರವನ್ನು ಇನ್ನೂ ಉಳಿಸಿಕೊಂಡಿದ್ದಾರೆ. ತೀರ ಹಳೆಯ ರೂಪದಲ್ಲಿ ಎಲ್ಲರಿಗೂ ಆ ಹಕಾರ ಇತ್ತು, ಮನುಷ್ಯ ನಗುವಾಗ ಹೊರಡುವ ಸಪ್ಪಳವನ್ನೇ ಪದ ಮಾಡಿಕೊಂಡಿರಬೇಕು ಅನ್ನುತ್ತಾರೆ, ಅಂದರು ಮೇಡಂ. ಡೇನರು, ನಾರ್ವೆಯವರು ಅದನ್ನು ಸವೆಸಿ ಸವೆಸಿ ಬರೀ 'ಲೇ' ಮಾಡಿದ್ದಾರೆ.

ಸ್ವೀಡನ್ನಿನಲ್ಲಿ ಬೇರೆ ಕಥೆ ನಡೆದಿದೆ ಅಂತ ಮುಂದುವರಿಸಿದರು. ಅಲ್ಲಿ 'ಲೇ' ಅಂದರೆ ಈಗ ಮುಗುಳ್ನಗು ಮಾತ್ರ. ಸಪ್ಪಳ ಮಾಡಿ ನಗುವುದಕ್ಕೆ ಸ್ಕ್ರತ್ತಾ ಅನ್ನುತ್ತಾರೆ. ಅದೇ ಪದ ಪಕ್ಕದ ಡೇನರಲ್ಲಿ ಒಡೆದ ಪಾತ್ರೆಯಂಥ ಕರ್ಕಶ ಸಪ್ಪಳಕ್ಕೆ ಹೆಸರು. ಐಸ್‌ಲ್ಯಾಂಡಿನಲ್ಲಿ ಸ್ಕ್ರತ್ತಿ ಎಂಬ ಪದವಿದೆ, ಅದಕ್ಕೂ ಇದಕ್ಕೂ ನಂಟಿರಬಹುದು. ಅದರ ಅರ್ಥ ದೆವ್ವ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನಗಲಿಲ್ಲ. ದೆವ್ವ ಎಂಬ ಆ ಮಾತನ್ನು ಆ ಬೆಳಿಗ್ಗೆಯೇ ಅವ್ವ ವೈನಿಯ ಬಗ್ಗೆ ಆಡಿದ್ದಳು. ಎಲ್ಲೋ ಮಂಜುಗಡ್ಡೆಯ ದೇಶದಲ್ಲಿ, ನಮ್ಮ ಊರಿನ ಹೆಸರೂ ಕೇಳದ ಜನ, ನಗುವನ್ನೂ ದೆವ್ವವನ್ನೂ ಒಂದೇ ಕಡೆ ಇಟ್ಟಿದ್ದಾರೆ ಅಂದರೆ ಅವರ ಮನೆಗಳಲ್ಲೂ ಯಾರೋ ಹೀಗೆ ನಕ್ಕಿರಬೇಕು ಅನ್ನಿಸಿತು. ಮೇಡಂ ಕೊನೆಗೆ ಇನ್ನೊಂದು ಪದ ಬರೆದರು, ಗ್ರೀನೆ. ಡೆನ್ಮಾರ್ಕಿನಲ್ಲಿ ಗ್ರೀನೆ ಅಂದರೆ ನಗುವುದು. ಸಮುದ್ರ ದಾಟಿ ನಾರ್ವೆಗೆ ಹೋದರೆ ಗ್ರೀನೆ ಅಂದರೆ ಅಳುವುದು. ಮೂಲದಲ್ಲಿ ಎರಡೂ ಅಲ್ಲ, ಹಲ್ಲು ಕಾಣುವ ಹಾಗೆ ಬಾಯಿ ತೆರೆಯುವುದು ಅಷ್ಟೇ. ಒಳಗೆ ಏನಿದೆ ಅಂತ ಆ ಪದ ಹೇಳುವುದಿಲ್ಲ, ಅಂದರು.

ತರಗತಿ ಮುಗಿದು ಎಲ್ಲರೂ ಹೋದರು. ನನಗೆ ಏಳಲು ಆಗಲಿಲ್ಲ. ಮೇಡಂ ಹಲಗೆ ಒರೆಸಿ ತಿರುಗಿದಾಗ ನಾನು ಅಳುತ್ತಿದ್ದೆ. ಹತ್ತಿರ ಬಂದು ಕೂತರು. ಮರಾಠಿಯಲ್ಲಿ ಎಲ್ಲ ಹೇಳಿಕೊಂಡೆ, ಶಂಡಿಗೆಯಿಂದ ಹಿಡಿದು ಅಮಾವಾಸ್ಯೆಯವರೆಗೆ. ಕೇಳಿಯಾದ ಮೇಲೆ, ನಕ್ಕ ಮೇಲೆ ಅವಳಿಗೆ ಅದು ನೆನಪಿರುತ್ತದೆಯೇ, ಬರುವ ಮೊದಲು ಅವಳಿಗೆ ಗೊತ್ತಾಗುತ್ತದೆಯೇ ಅಂತ ವಿಚಾರಿಸಿದರು. ನನಗೆ ಗೊತ್ತಿರಲಿಲ್ಲ. ಇಷ್ಟು ದಿನವಾದರೂ ನಮ್ಮ ಮನೆಯಲ್ಲಿ ಯಾರೂ ವೈನಿಯನ್ನೇ ಕೇಳಿರಲಿಲ್ಲ.

"ನಾನು ಪದಗಳನ್ನು ಬಲ್ಲೆ, ರೋಗವನ್ನಲ್ಲ," ಅಂದರು ಮೇಡಂ. "ನೀನು ಮೊದಲು ಅವಳನ್ನು ಕೇಳು. ಆಮೇಲೆ ಮೆದುಳಿನ ಡಾಕ್ಟರಿಗೆ ತೋರಿಸಿ. ಅಮಾವಾಸ್ಯೆ ಬರುವ ಮೊದಲೇ."

ಕೇಳುವ ಧೈರ್ಯ ನನಗೆ ತಾನಾಗಿ ಬರಲಿಲ್ಲ. ಮರುದಿನ ವೈನಿ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ಮಾತು ಹೇಗೆ ತೆಗೆಯಬೇಕೆಂದು ಯೋಚಿಸುತ್ತಿದ್ದೆ. ತವೆಯ ಮೇಲಿನ ರೊಟ್ಟಿಗೆ ನೀರು ಸವರಲು ಕೈ ಚಾಚಿದವಳು ಹಾಗೇ ನಿಂತಳು. ನಗು ಶುರುವಾಯಿತು. ಕೈ ನಿಧಾನಕ್ಕೆ ಕೆಳಗಿಳಿದು ತವೆಯ ಅಂಚಿನ ಮೇಲೆ ಕೂತಿತು, ಅವಳು ನಗುತ್ತಲೇ ಇದ್ದಳು. ನಾನು ಓಡಿ ಹೋಗಿ ಕೈ ಎಳೆದೆ. ಅಂಗೈ ಸುಟ್ಟ ವಾಸನೆ ಬಂದಿತ್ತು. ಬಾಯಿ ಇನ್ನೂ ನಗುತ್ತಿತ್ತು. ಅವಳನ್ನು ಹಿಡಿದುಕೊಂಡೇ ನಿಂತೆ, ಅವಳ ಎದೆ ಗುಬ್ಬಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಹೆದರಿಕೆ ನನಗಷ್ಟೇ ಅಲ್ಲ ಅಂತ ಗೊತ್ತಾದದ್ದು ಆಗ.

ಎಚ್ಚರ ಬಂದ ಮೇಲೆ ಸುಟ್ಟ ಕೈ ನೋಡಿಕೊಂಡು ಕೂತಳು. ನೀರಿನಲ್ಲಿ ಅದ್ದಿಸಿ, ಪಕ್ಕದಲ್ಲಿ ಕೂತು ಕೇಳಿದೆ. ಅದು ಬರುವಾಗ ನಿಮಗೆ ಗೊತ್ತಾಗತದೇನ್ರಿ ವೈನಿ, ಅಂತ.

ಅವಳು ಇನ್ನೊಂದು ಕೈ ಚಾಚಿ ಒಲೆ ಆರಿಸಿದಳು.

"ಹೊಟ್ಟ್ಯಾಗಿಂದ ಏನೋ ಮ್ಯಾಲ ಏರಿದ್ಹಂಗ ಆಗತದ್ರಿ," ಅಂದಳು. "ಆಮ್ಯಾಲ ನಾ ಇರಂಗಿಲ್ಲ. ಯಾರೋ ನಗೂದು ದೂರಿಂದ ಕೇಳಸ್ತದ. ನಾನಽ ನಕ್ಕೀನಿ ಅಂತ ಮಂದಿ ಮಾರಿ ನೋಡಿದ ಮ್ಯಾಲ ತಿಳೀತದ."

ತಿಳಿವಳಿಕೆ ಬಂದಾಗಿನಿಂದ ಹೀಗೇ ಇದೆಯಂತೆ. ಕೂಸಿದ್ದಾಗ ಎಲ್ಲರೂ ಆಡಿಸುತ್ತಿದ್ದರಂತೆ, ಎಷ್ಟು ನಗುತ್ತದೆ ನೋಡು ಅಂತ. ಶಾಲೆಯಲ್ಲಿ ಹೊಡೆತ ತಿಂದು ಬಿಟ್ಟುಬಿಟ್ಟಳಂತೆ. ತನಗೆ ಹುಚ್ಚು ಅಂತ ಅವಳೇ ನಂಬಿದ್ದಳು. ಅಮಾವಾಸ್ಯೆಗೆ ಹೋಗಲೂ ತಯಾರಾಗಿದ್ದಳು. ಹೊಡೆದರೂ ಚಿಂತೆಯಿಲ್ಲ, ಅದು ಹೋದರೆ ಸಾಕು ಅಂದಳು.

ಆ ಸಂಜೆ ಅಪ್ಪನಿಗೆ ವೈನಿಯ ಸುಟ್ಟ ಕೈ ತೋರಿಸಿ, ಮೇಡಂ ಅಂದದ್ದನ್ನೂ ಹೇಳಿದೆ. ಅಪ್ಪ ಮನೆಯ ವಿಷಯದಲ್ಲಿ ಬಾಯಿ ಬಿಡುವವರಲ್ಲ. ಅವ್ವ ಏನೋ ಹೇಳಲು ಬಂದಳು. "ಊರಿಗೆ ಆಮ್ಯಾಲ ಹೋಗೂಣು. ಮೊದಲ ಡಾಕ್ಟರ್ ನೋಡ್ಲಿ," ಅಂದರು ಅಪ್ಪ, ಮತ್ತು ರಜೆ ಹಾಕಿ ಬಾ ಅಂತ ಅಣ್ಣನಿಗೆ ಫೋನ್ ಮಾಡಲು ಬೂತಿಗೆ ಹೋದರು.

ಮೆದುಳಿನ ಡಾಕ್ಟರು ಮರಾಠಿಯವರು. ವೈನಿಗೆ ಕನ್ನಡ ಬಿಟ್ಟು ಬೇರೆ ಬರದು. ಅಣ್ಣ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟ, ನಡುವೆ ನಿಂತು ತಿರುಗಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಏನು ತೊಂದರೆ ಅಂದರು. ಸುಮ್ಮಸುಮ್ಮನೆ ನಗುತ್ತಾಳೆ ಅಂದೆ. ಅವರು ಬರೆದುಕೊಳ್ಳುತ್ತ, ಹೊಸ ಮನೆ, ಹೊಸ ಊರು, ಮನಸ್ಸಿಗೆ ಒತ್ತಡ ಅಂತೇನೋ ಹೇಳತೊಡಗಿದರು. ನನಗೆ ದಿಗಿಲಾಯಿತು. ಈ ಬಾಗಿಲಿನಿಂದ ಹೀಗೇ ಹೊರಗೆ ಹೋದರೆ ಮುಂದೆ ಅಮಾವಾಸ್ಯೆಯೇ. ತಪ್ಪು ನನ್ನ ಪದದಲ್ಲಿದೆ ಅನ್ನಿಸಿತು.

"ಇಲ್ಲ ಡಾಕ್ಟರ್, ನಗುವುದಿಲ್ಲ," ಅಂದೆ. "ಬಾಯಿಯಿಂದ ನಗುವಿನ ಸಪ್ಪಳ ಬರುತ್ತದೆ. ಆಗ ಅವಳು ಅಲ್ಲಿ ಇರುವುದಿಲ್ಲ. ಕೈ ಸುಟ್ಟರೂ ಗೊತ್ತಾಗುವುದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲಿನ ಪ್ರಶ್ನೆಗಳೇ ಬೇರೆಯಾದವು.

ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಇನ್ನೊಂದು ದಿನ ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಮೆದುಳಿನ ಚಿತ್ರ ತೆಗೆದರು. ಅಲುಗಾಡಬಾರದು ಅಂದಿದ್ದರು. ಹೊರಗಿನ ಬೆಂಚಿನ ಮೇಲೆ ಅವ್ವ, ಅಣ್ಣ, ನಾನು ಕೂತಿದ್ದೆವು, ಗೋಡೆಯಾಚೆಯಿಂದ ಯಂತ್ರದ ಬಡಿತ ಕೇಳುತ್ತಿತ್ತು. ಅದರೊಳಗೆ ಒಬ್ಬಳೇ ಇದ್ದಾಗ ಅದು ಬಂದರೆ ಏನು ಗತಿ ಅಂತ ನಾನು ಆ ಬಡಿತವನ್ನೇ ಎಣಿಸುತ್ತಿದ್ದೆ. ಅಣ್ಣ ನನಗಿಂತ ಹೆಚ್ಚು ಬೆವತಿದ್ದ. ವೈನಿ ಹೊರಗೆ ಬಂದಾಗ ಎದ್ದು ಹೋಗಿ, ನಮ್ಮೆಲ್ಲರ ಎದುರಿಗೇ ಅವಳ ಕೈ ಹಿಡಿದುಕೊಂಡ. ಅವ್ವ ಬೇರೆ ಕಡೆ ನೋಡಿದಳು.

ಮೆದುಳಿನ ಬುಡದಲ್ಲಿ, ಹುಟ್ಟುವಾಗಲೇ ಬಂದ ಒಂದು ಸಣ್ಣ ಗಂಟು ಇತ್ತು. ಕ್ಯಾನ್ಸರ್ ಅಲ್ಲ ಅಂದರು ಡಾಕ್ಟರು. ಇದೂ ಒಂದು ಬಗೆಯ ಫಿಟ್ಸ್, ಕೆಲವರಿಗೆ ಕೈಕಾಲು ಸೆಟೆಯುತ್ತವೆ, ಇವರಿಗೆ ನಗುವಿನ ಸಪ್ಪಳ ಬರುತ್ತದೆ, ಕೆಲವು ಸಲ ಅಳುವಿನದ್ದು. ಅಷ್ಟು ಆಳಕ್ಕೆ ಕತ್ತರಿ ಹಾಕುವುದು ಅಪಾಯ, ಮಾತ್ರೆ ಕೊಡುತ್ತೇನೆ, ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ ಅಂದರು. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಿರುಗಿಸಿ ಹೇಳಿದೆ. ವೈನಿ ಕೇಳಿದ್ದು ಒಂದೇ. "ಹಂಗಾರ ನನಗ ಹುಚ್ಚಲ್ಲೇನ್ರಿ?" ಅದನ್ನು ಮರಾಠಿಗೆ ತಿರುಗಿಸಿ ಕೇಳಿದೆ. ಡಾಕ್ಟರು ಅವಳ ಕಡೆಗೇ ನೋಡಿ ಇಲ್ಲ ಅಂತ ತಲೆಯಾಡಿಸಿದರು. ಅದನ್ನು ತಿರುಗಿಸಿ ಹೇಳಬೇಕಾಗಲಿಲ್ಲ.

ಅವ್ವ ಊರಿಗೆ ಹೋಗುವ ಮಾತು ಬಿಟ್ಟಳು. ಹದಿನೈದು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ಸೀರೆ ಬದಲಿಸಿಕೊಂಡು ಕೆಳಗಿನ ಮನೆಗೆ ಇಳಿದುಹೋದಳು. ನಾನೂ ಹಿಂದೆ ಹೋದೆ. ಆಜಿಯ ಎದುರಿಗೆ ನಿಂತು, ತನ್ನ ಮುರುಕು ಮರಾಠಿಯಲ್ಲಿ, ಅವಳು ನಗಲಿಲ್ಲ, ಅವಳಿಗೆ ಫಿಟ್ಸಿನ ಝಟಕಾ ಬರುತ್ತದೆ, ಅಜ್ಜರ ಬಗ್ಗೆ ಅವಳಿಗೆ ಭಾಳ ಗೌರವ ಇತ್ತು ಅಂದಳು. ಆಜಿ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಆ ಮನೆಯ ಹಳದಿ ಕುಂಕುಮಕ್ಕೆ ಮುಂದೆಯೂ ನಮ್ಮನ್ನು ಕರೆದರು, ಆದರೆ ವೈನಿ ಹೋದಾಗ ಅಲ್ಲಿ ಮಾತು ಕಡಿಮೆಯಾಗುತ್ತಿತ್ತು.

ಮಾತ್ರೆಯಿಂದ ದಿನಕ್ಕೆ ಎಷ್ಟೋ ಸಲ ಬರುತ್ತಿದ್ದದ್ದು ವಾರಕ್ಕೊಮ್ಮೆ, ಆಮೇಲೆ ಯಾವಾಗಲೋ ಒಮ್ಮೆ ಅನ್ನುವಂತಾಯಿತು. ಪೂರ್ತಿ ಹೋಗಲಿಲ್ಲ. ಅಣ್ಣನಿಗೆ ಕ್ವಾರ್ಟರ್ಸು ಸಿಕ್ಕಿ ವೈನಿ ದೌಂಡಕ್ಕೆ ಹೋದಳು. ಒಲೆಯ ಹತ್ತಿರ ಒಬ್ಬಳೇ ನಿಲ್ಲಬಾರದು ಅಂತ ಬೆಳಗಿನ ರೊಟ್ಟಿ ಅಣ್ಣನೇ ಸುಡುವುದನ್ನು ಕಲಿತ. ನಾನು ಪರೀಕ್ಷೆ ಪಾಸಾಗಿ ಯಂತ್ರಗಳ ಕೈಪಿಡಿ ಅನುವಾದಿಸುವ ಕೆಲಸಕ್ಕೆ ಸೇರಿದೆ. ಆ ಕೈಪಿಡಿಗಳಲ್ಲಿ ನಗುವ ಪದ ಎಲ್ಲೂ ಬರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ವೈನಿಗೆ ಹೆಣ್ಣುಮಗು ಹುಟ್ಟಿತು. ಬಸುರಿನುದ್ದಕ್ಕೂ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. ಕೂಸಿಗೆ ಬರುವುದು ತೀರ ಅಪರೂಪ ಅಂತ ಅವರು ಪ್ರತಿಸಲವೂ ಹೇಳುತ್ತಿದ್ದರು. ಹೇಳಿದಾಗ ಸಮಾಧಾನ, ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ. ತನಗೂ ಕೂಸಿದ್ದಾಗಲೇ ಶುರುವಾಗಿತ್ತಲ್ಲ ಎಂಬುದು ಅವಳ ತಲೆಯಿಂದ ಹೋಗಲಿಲ್ಲ. ಆ ಮನೆಯಲ್ಲಿ ಯಾರೂ ಕೂಸನ್ನು ಕಚಗುಳಿ ಇಟ್ಟು ನಗಿಸಲು ಹೋಗಲಿಲ್ಲ.

ಮಗು ಮಗ್ಗುಲಾಗಲು ಕಲಿತ ಹೊತ್ತಿನಲ್ಲಿ ನಾನೂ ಅವ್ವನೂ ದೌಂಡಕ್ಕೆ ಹೋಗಿದ್ದೆವು. ಊಟವಾಗಿತ್ತು. ಸೋಲಾಪುರದ ಗಾಡಿ ದಾಟಿಹೋಗಿ ಕಿಟಕಿಯ ಗಾಜಿನ ಸದ್ದು ನಿಂತಿತ್ತು. ಕೂಸನ್ನು ಕೌದಿಯ ಮೇಲೆ ಮಲಗಿಸಿದ್ದೆವು, ವೈನಿ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಆಗ ಅದು ನಕ್ಕಿತು. ಅದಕ್ಕೂ ಮೊದಲು ಸಪ್ಪಳ ಮಾಡಿ ನಕ್ಕಿರಲಿಲ್ಲ. ಹೊಟ್ಟೆಯಿಂದ ಬಂದ ಗಟ್ಟಿ ನಗು.

ಬೇರೆ ಮನೆಯಲ್ಲಾಗಿದ್ದರೆ ಎಲ್ಲರೂ ಓಡಿಬರುತ್ತಿದ್ದರು. ನಾವು ಮೂವರೂ ಇದ್ದಲ್ಲೇ ಕಲ್ಲಾದೆವು. ವೈನಿಯ ಕೈಯಲ್ಲಿ ಅರ್ಧ ಮಡಚಿದ ಟವೆಲ್ಲು ಹಾಗೇ ಉಳಿಯಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕೂಸು ನಿಲ್ಲಿಸಿತು. ಮತ್ತೆ ನಕ್ಕಿತು. ಅವ್ವ ಬಾಯಿಯೊಳಗೇ ದೇವರ ಹೆಸರು ಹೇಳತೊಡಗಿದಳು. ನಾನು ಕೂಸಿನ ಕಣ್ಣು ನೋಡಬೇಕೆಂದುಕೊಂಡು ಬಗ್ಗಿದೆ, ನನ್ನ ಕಣ್ಣೇ ಮಂಜಾಗಿ ಏನೂ ಕಾಣಲಿಲ್ಲ.

ಮೊದಲು ಅಲುಗಾಡಿದವಳು ವೈನಿ. ಕೂಸಿನ ಮುಂದೆ ಬಗ್ಗಿ ಕೂತು, ಟವೆಲ್ಲಿನಿಂದ ತನ್ನ ಮುಖ ಮುಚ್ಚಿಕೊಂಡಳು. ಕೂಸು ಸುಮ್ಮನಾಯಿತು. ಟವೆಲ್ಲು ಕೆಳಗಿಳಿಸಿದಳು. ಕೂಸು ನಕ್ಕಿತು. ಮತ್ತೆ ಮುಚ್ಚಿಕೊಂಡಳು, ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಳು. ಕೂಸು ಕೈಕಾಲು ಆಡಿಸುತ್ತ, ಆ ಟವೆಲ್ಲನ್ನೇ ನೋಡುತ್ತ ಕಾದಿತು, ಸಪ್ಪಳವಿಲ್ಲ. ತೆಗೆದಳು. ಕಿಲಕಿಲ ಅಂದಿತು. ನನ್ನನ್ನು ಆ ಕಡೆ ಕೂರಿಸಿ ಟವೆಲ್ಲು ನನ್ನ ಕೈಗೆ ಕೊಟ್ಟಳು, ಕೂಸು ತಿರುಗಿ ನನ್ನ ಮುಖಕ್ಕೂ ನಕ್ಕಿತು. ಅವ್ವನನ್ನೂ ಕರೆದು ಕೂರಿಸಿದಳು.

"ನನ್ನ ನೋಡೇ ನಗಾಕತ್ತದ್ರಿ," ಅಂದಳು ಕೊನೆಗೆ, ನಮಗೋ ತನಗೋ ತಿಳಿಯದ ಹಾಗೆ. "ಕಣ್ಣಾಗೂ ನಗಿ ಅದ ನೋಡ್ರಿ."

ಅಣ್ಣ ಡ್ಯೂಟಿ ಮುಗಿಸಿ ಬರುವವರೆಗೂ ನಾವು ಆ ಟವೆಲ್ಲನ್ನು ಮುಖಕ್ಕೆ ಹಾಕಿಕೊಳ್ಳುತ್ತ, ತೆಗೆಯುತ್ತ ಕೂತಿದ್ದೆವು. ಅವನು ಬಾಗಿಲಲ್ಲಿ ನಿಂತು ನಗು ಕೇಳಿ ಬಿಳಿಚಿಕೊಂಡ. ವೈನಿ ಎದ್ದು ಹೋಗಿ, ಅವನನ್ನೂ ಕರೆತಂದು ಕೂಸಿನ ಮುಂದೆ ಕೂರಿಸಿದಳು.